ಮೀನಿನ ತೊಟ್ಟಿಯ ಮುಚ್ಚಳ

ನಮ್ಮ ಮನೆಯಲ್ಲಿ ಮೀನುಗಳಿಗೆ ಬಿಸಿನೀರು, ಮನುಷ್ಯರಿಗೆ ತಣ್ಣೀರು. ಇದನ್ನು ಯಾರಿಗೆ ಹೇಳಿದರೂ ನಗುತ್ತಾರೆ. ನಗಲಿ ಬಿಡಿ, ಅವರ ಗಂಟೇನು ಹೋಗಬೇಕು? ಚಳಿಗಾಲದ ಬೆಳಗ್ಗೆ ಕೊರೆಯುವ ನೀರಿನಲ್ಲಿ ಪಾತ್ರೆ ತೊಳೆದು, ಮರಗಟ್ಟಿದ ಬೆರಳುಗಳಿಂದ ಸೂಜಿಗೆ ದಾರ ಪೋಣಿಸಬೇಕಾದವಳು ನಾನು. ಕೆಳಗಿನ ಮುಂದಿನ ಕೋಣೆಯಲ್ಲಿ ಮೈದುನನ ಮೀನುಗಳು ಮಾತ್ರ ಇಪ್ಪತ್ತೊಂಬತ್ತು ಡಿಗ್ರಿಯ ನೀರಿನಲ್ಲಿ ಹಾಯಾಗಿ ತೇಲುತ್ತಾ, ನಾನು ಹಾದುಹೋದಾಗಲೆಲ್ಲ ನನ್ನನ್ನೇ ನೋಡಿ ಬಾಯಿ ಆಡಿಸುತ್ತಿದ್ದವು. ನನ್ನ ಬಗ್ಗೆಯೇ ಏನೋ ಆಡಿಕೊಳ್ಳುತ್ತಿವೆ ಅಂತ ನನಗೆ ಅನಿಸುತ್ತಿತ್ತು.

ಮನೆ ಅತ್ತೆಯದು. ಕೆಳಗೆ ಅತ್ತೆ ಮತ್ತು ಮೈದುನ, ಮೇಲೆ ನಾನು ಮತ್ತು ನಮ್ಮವರು. ಅಡುಗೆ ಒಂದೇ, ಕರೆಂಟಿನ ಮೀಟರೂ ಒಂದೇ. ಬಿಲ್ಲು ಬಂದರೆ ಅಣ್ಣ ಅರ್ಧ, ತಮ್ಮ ಅರ್ಧ. ನಮ್ಮವರು ನೀರಿನ ಟ್ಯಾಂಕರ್ ಓಡಿಸುತ್ತಾರೆ. ದಿನವಿಡೀ ಊರಿಗೆಲ್ಲ ನೀರು ಹಾಕಿ ಮನೆಗೆ ಬಂದರೆ ಇಲ್ಲೂ ನೀರೇ. ಆದರೂ ಆ ಮನುಷ್ಯ ತಮ್ಮನ ತೊಟ್ಟಿಯ ಮುಂದೆ ನಿಂತು "ಎಷ್ಟು ಚೆಂದ ಇದೆಯಲ್ಲೋ" ಅನ್ನುತ್ತಿದ್ದರು. ಮೈದುನನಿಗೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ. ಮೂವತ್ತಾರು ದಾಟಿದೆ. ಮದುವೆಯ ಮಾತೆತ್ತಿದರೆ ತೊಟ್ಟಿಯ ನೀರು ಬದಲಾಯಿಸಲು ಎದ್ದುಹೋಗುತ್ತಾನೆ.

ನಾನು ಬಟ್ಟೆ ಹೊಲಿಯುತ್ತೇನೆ. ಶಾಲೆಯ ಯೂನಿಫಾರ್ಮು, ಕೋಟು, ಪರದೆ, ಸಡಿಲವಾದದ್ದನ್ನು ಬಿಗಿ ಮಾಡುವುದು, ಬಿಗಿಯಾದದ್ದನ್ನು ಬಿಚ್ಚುವುದು. ನನ್ನ ಹೊಲಿಗೆಗೆ ಯಾರೂ ಹೆಸರಿಟ್ಟವರಿಲ್ಲ. ಹೆಸರಿಟ್ಟದ್ದು ಮೆಟ್ಟಿಲಿಗೆ. ಬೀದಿಯಿಂದ ನನ್ನ ಕೋಣೆಗೆ ಹತ್ತೊಂಬತ್ತು ಮೆಟ್ಟಿಲು. ಹೋದ ವರ್ಷ ಶಾಲೆಯ ಹೆಡ್ ಮೇಡಂ ಹನ್ನೊಂದನೆಯ ಮೆಟ್ಟಿಲಲ್ಲಿ ಜಾರಿ ಕಾಲು ಉಳುಕಿಸಿಕೊಂಡರು. ನಲವತ್ತು ಯೂನಿಫಾರ್ಮಿನ ಕೆಲಸ ಅವರ ಜತೆಗೇ ಕುಂಟುತ್ತಾ ತಿರುವಿನ ಅಂಗಡಿಗೆ ಹೋಯಿತು. ಬೀದಿಗೆ ಬಾಗಿಲಿದ್ದ ಕೆಳಗಿನ ಮುಂದಿನ ಕೋಣೆ ನನಗೆ ಸಿಕ್ಕಿದ್ದರೆ ಹಾಗಾಗುತ್ತಿರಲಿಲ್ಲ. ಆ ಕೋಣೆಯಲ್ಲಿ ಯಾರಿದ್ದರು? ಮೀನುಗಳು. ಅವುಗಳಿಗೆ ಗಿರಾಕಿಗಳು ಬರಬೇಕಿತ್ತೇ?

ಇನ್ನು ನನ್ನ ಒಂದು ಗುಣ ಹೇಳಿಬಿಡುತ್ತೇನೆ, ಮುಂದಿನದಕ್ಕೆಲ್ಲ ಅದೇ ಮೂಲ. ಪಾತ್ರೆ ತೆರೆದಿಟ್ಟರೆ ನನಗೆ ಆಗುವುದಿಲ್ಲ. ಒಲೆಯ ಮೇಲೆ ಏನೇ ಇರಲಿ, ಮೇಲೊಂದು ಮುಚ್ಚಳ ಇರಬೇಕು. "ತೆರೆದಿಟ್ಟರೆ ಬಿಸಿಯೂ ಹೋಗುತ್ತೆ, ಗ್ಯಾಸೂ ಹೋಗುತ್ತೆ, ಮುಚ್ಚಿಡಿ" ಅಂತ ದಿನಕ್ಕೆ ಹತ್ತು ಸಲ ಹೇಳುತ್ತೇನೆ. ಅತ್ತೆಗೆ ಅದು ಮೆಚ್ಚು. ಮೈದುನನಿಗೆ ತಮಾಷೆ. ಮದುವೆಯಾಗಿ ಬಂದ ಹೊಸತರಲ್ಲೇ ನನಗೆ "ಮುಚ್ಚಳ ಅತ್ತಿಗೆ" ಅಂತ ಹೆಸರಿಟ್ಟವನು ಅವನು. ಆಗ ನಾನೂ ನಕ್ಕಿದ್ದೆ.

ಅವನ ನಾಲ್ಕು ತೊಟ್ಟಿಗಳಲ್ಲಿ ಮೂರು ಚಿಕ್ಕವು. ನಾಲ್ಕನೆಯದು ಐದಡಿ ಉದ್ದದ್ದು. ಅದರಲ್ಲಿ ತಟ್ಟೆಯ ಹಾಗೆ ಗುಂಡಗೆ ಚಪ್ಪಟೆಯಾದ, ಡಿಸ್ಕಸ್ ಅನ್ನುವ ಎರಡೇ ಮೀನು. ನೀರು ಸ್ವಲ್ಪ ತಣ್ಣಗಾದರೂ ಅವಕ್ಕೆ ಮೈ ಹುಷಾರು ತಪ್ಪುತ್ತದಂತೆ. ಅದಕ್ಕೇ ತೊಟ್ಟಿಯೊಳಗೆ ಒಂದು ಉದ್ದನೆಯ ಹೀಟರ್, ಅದರ ತುದಿಯಲ್ಲಿ ಒಂದು ಕೆಂಪು ದೀಪ. ನೀರು ಕಾಯಿಸುತ್ತಿರುವಾಗ ದೀಪ ಹೊತ್ತುತ್ತದೆ, ಸಾಕಷ್ಟು ಕಾದ ಮೇಲೆ ತಾನಾಗಿ ಆರುತ್ತದೆ.

ಆ ದೊಡ್ಡ ತೊಟ್ಟಿಯ ಮೇಲೆ ಒಂದು ದಪ್ಪ ಗಾಜು ಇರುತ್ತಿತ್ತು. ಚಳಿ ಶುರುವಾಗುವ ಮುಂಚೆ ಒಂದು ದಿನ ಅವನು ತೊಟ್ಟಿ ತೊಳೆದು, ಆ ಗಾಜನ್ನು ಗೋಡೆಗೆ ಒರಗಿಸಿ ಕೆಲಸಕ್ಕೆ ಹೋಗಿದ್ದ. ನಾನು ನೆಲ ಒರೆಸಲು ಹೋದವಳು ಅದನ್ನು ನೋಡಿದೆ. ಎಂಥ ಗಾಜು! ನನ್ನ ಕತ್ತರಿಸುವ ಮೇಜಿಗೆ ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು. ನನ್ನ ಮೇಜಿನ ಹಲಗೆ ಹಳೆಯದು, ಚಾಕ್ ಎಳೆದರೆ ಗೀರು ಅಂಕುಡೊಂಕು. ಮೀನಿಗೆ ಛಾವಣಿ ಯಾಕೆ, ಅವೇನು ಮಳೆಯಲ್ಲಿ ನೆನೆಯುತ್ತವೆಯೇ ಅಂದುಕೊಂಡೆ. ಎರಡೂ ಕೈಯಲ್ಲಿ ಎತ್ತಿ, ಹತ್ತೊಂಬತ್ತು ಮೆಟ್ಟಿಲು ಹತ್ತಿ, ಮೇಜಿನ ಮೇಲೆ ಇಟ್ಟೆ. ಒಂದು ನೂಲಿನಷ್ಟೂ ಹೆಚ್ಚುಕಡಿಮೆ ಇಲ್ಲದೆ ಕೂತಿತು.

ಒಂದು ಮೂಲೆಯನ್ನು ಮಾತ್ರ ಓರೆಯಾಗಿ ಕತ್ತರಿಸಿದ್ದ, ಹೀಟರಿನ ವೈರು ಹಾಯಲು. ಆ ಮೂಲೆಗೆ ಒಂದು ಚೂರು ಬಟ್ಟೆ ಮಡಿಸಿ ಅಂಟಿಸಿದೆ. ನಮ್ಮವರು ಕೇಳಿದಾಗ ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತು ಅಂದೆ. ಅತ್ತೆಗೆ ಮಂಡಿನೋವು, ಮೇಲೆ ಬರುವವರಲ್ಲ. ಮೈದುನನೂ ಬರುವುದಿಲ್ಲ.

ಸಂಜೆ ಅವನು ಬಂದು, "ಅತ್ತಿಗೆ, ಇಲ್ಲಿದ್ದ ಗಾಜು ನೋಡಿದ್ರಾ?" ಅಂತ ಕೇಳಿದ.

ತೊಗೊಂಡೆ ಕಣೋ, ನನಗಿರಲಿ ಅನ್ನಬಹುದಿತ್ತು. ಬಹುಶಃ ಕೊಟ್ಟೂ ಬಿಡುತ್ತಿದ್ದ. ಆದರೆ ನನ್ನದು ಎಲುಬಿಲ್ಲದ ನಾಲಿಗೆ. "ಒಡೆದುಹೋಯ್ತು. ನೆಲ ಒರೆಸುವಾಗ ಕೈತಾಗಿ ಬಿತ್ತು. ಚೂರೆಲ್ಲ ಬಳಿದು ಹಾಕ್ದೆ" ಅಂದೆ.

"ಅದರ ಅಂಚೆಲ್ಲ ನಾನೇ ಅಂಗಡೀಲಿ ಕೂತು ಉಜ್ಜಿದ್ದು" ಅಂದ. ಆಮೇಲೆ, "ನಿಮ್ಮ ಕೈಗೇನೂ ಆಗ್ಲಿಲ್ಲ ತಾನೆ?" ಅಂತ ಕೇಳಿದ. ಬೈದಿದ್ದರೆ ನಾನೂ ಬೈಯುತ್ತಿದ್ದೆ, ಲೆಕ್ಕ ಸರಿಹೋಗುತ್ತಿತ್ತು. ಹೀಗೆ ಕೇಳಿದ್ದು ನನಗೆ ಇನ್ನಷ್ಟು ಉರಿ ಎಬ್ಬಿಸಿತು. ಮೀನು ಹಾರಿ ಹೊರಗೆ ಬೀಳದಿರಲಿ ಅಂತ ಅವನು ತೊಟ್ಟಿಗೆ ಒಂದು ಬಲೆ ಹೊದಿಸಿದ. ಗಾಜು ಇರುವುದು ಅದಕ್ಕೇ ಅಂತ ಅವನೂ ತಿಳಿದಿದ್ದ.

ಚಳಿ ಬಂತು, ಜತೆಗೆ ಬಿಲ್ಲೂ ಬಂತು. ಹಿಂದಿನದರ ಎರಡರಷ್ಟು. ಅತ್ತೆ ಕನ್ನಡಕ ಏರಿಸಿ ಎರಡು ಸಲ ಓದಿ, ಸ್ನಾನದ ಮನೆಯ ಗೀಸರ್ ಸ್ವಿಚ್ಚಿಗೆ ಟೇಪು ಸುತ್ತಿಬಿಟ್ಟರು. ಮುಂದಿನ ಬಿಲ್ಲು ಅದಕ್ಕಿಂತ ಹೆಚ್ಚು ಬಂತು. ಅಂದು ಊಟಕ್ಕೆ ಕೂತಾಗ ನಾನು ಬಾಯಿ ಬಿಟ್ಟೆ.

"ಹೊಳೇಲಿ ಹುಣಸೆಹಣ್ಣು ತೊಳೆಯೋದು ಅಂದ್ರೆ ಇದೇ ಅತ್ತೆ. ಇಡೀ ದಿನ ನೀರು ಕಾಯಿಸ್ತಾನೆ. ಕುಡಿಯೋಕಲ್ಲ, ಸ್ನಾನಕ್ಕಲ್ಲ."

"ನಿಮ್ಮ ಇಸ್ತ್ರಿಪೆಟ್ಟಿಗೆ ಏನು ಗಾಳಿ ಕುಡಿದು ಕಾಯುತ್ತಾ?" ಅಂದ ಮೈದುನ, ತಟ್ಟೆಯಿಂದ ತಲೆಯೆತ್ತದೆ.

"ನನ್ನ ಇಸ್ತ್ರಿ ಮನೆಗೆ ನಾಲ್ಕು ಕಾಸು ತರುತ್ತೆ. ನಿನ್ನ ಮೀನೇನು ತರುತ್ತೆ, ನೆಗಡಿ?"

"ಸಮಾಧಾನ ಮಾಡ್ಕೊಳ್ರೋ" ಅಂದರು ನಮ್ಮವರು. ಈ ಮಾತು ಬಿಟ್ಟು ಅವರಿಗೆ ಬೇರೆ ಮಾತು ಬರುವುದಿಲ್ಲ.

"ನಾನು ಅರ್ಧ ಕೊಡ್ತಿಲ್ವಾ ಅತ್ತಿಗೆ? ನೀವಿಬ್ಬರು ಅರ್ಧ, ನಾನೊಬ್ಬನೇ ಅರ್ಧ."

"ನೀನೊಬ್ಬನೇ ಎಲ್ಲೋ? ನಿನ್ನ ಸಂಸಾರ ತೊಟ್ಟಿ ತುಂಬ ಇದೆ."

ಆ ಮಾತು ಅವನಿಗೆ ಚುಚ್ಚಿತು, ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಚುಚ್ಚಲಿ ಅಂತಲೇ ಆಡಿದ್ದು. ಅತ್ತೆ ಕೈ ತೊಳೆದು ಬಂದು ತೀರ್ಪು ಕೊಟ್ಟರು. ಬಾಯಲ್ಲಿ ಹೇಳಿದ್ದನ್ನು ನಂಬುವ ಹೆಂಗಸಲ್ಲ ಅವರು. "ಅಳೆಯಿರಿ. ಒಂದು ವಾರ. ಮೀನು ಎಷ್ಟು ತಿನ್ನುತ್ತೆ, ಹೊಲಿಗೆ ಎಷ್ಟು ತಿನ್ನುತ್ತೆ. ಮೀನೇ ಹೆಚ್ಚು ತಿಂದ್ರೆ ತೊಟ್ಟಿ ಆಚೆಗೆ, ಕೋಣೆ ಸೊಸೆಗೆ. ಹೊಲಿಗೆ ಹೆಚ್ಚು ತಿಂದ್ರೆ ಇನ್ನು ಮುಂದೆ ಮೀನಿನ ಸುದ್ದಿ ಯಾರೂ ಎತ್ತಬಾರದು. ಒಪ್ಪಿಗೆನಾ?"

ಇಬ್ಬರೂ ಒಪ್ಪಿದೆವು.

ಅಳೆಯುವ ಸಾಮಾನು ತಂದುಕೊಟ್ಟವನು ನಮ್ಮ ಬೀದಿಯ ವೈರಿಂಗ್ ಕೆಲಸದವನು. ಅವನನ್ನು ಎಲ್ಲರೂ ಫ್ಯೂಸು ಅಂತಲೇ ಕರೆಯುವುದು, ಕೆಲಸದ ನಡುವೆ ಯಾವಾಗ ಮಾಯವಾಗುತ್ತಾನೋ ಹೇಳಲಾಗದು. ಗೋಡೆಯ ಪ್ಲಗ್ಗಿಗೂ ಯಂತ್ರದ ವೈರಿಗೂ ನಡುವೆ ಸಿಕ್ಕಿಸುವ ಅಂಗೈಯಗಲದ ಎರಡು ಮೀಟರುಗಳು. ಒಂದು ನನ್ನ ಹೊಲಿಗೆಯಂತ್ರ ಮತ್ತು ಇಸ್ತ್ರಿಗೆ, ಇನ್ನೊಂದು ನಾಲ್ಕೂ ತೊಟ್ಟಿಗಳಿಗೆ. ಎಷ್ಟು ಯೂನಿಟ್ ಖರ್ಚಾಯಿತು ಅಂತ ಅದರ ಮೇಲೆ ಅಂಕಿ ಮೂಡುತ್ತದೆ. "ಮೀಟರ್ ಸುಳ್ಳು ಹೇಳಲ್ಲ" ಅಂದ ಫ್ಯೂಸು, ಚಹಾ ಕುಡಿದು ಮಾಯವಾದ. ದಿನಾ ಸಂಜೆ ಏಳಕ್ಕೆ ಎಲ್ಲರೆದುರು ಅಂಕಿ ಓದುವುದು, ಅತ್ತೆ ಕ್ಯಾಲೆಂಡರಿನ ಹಿಂದೆ ಬರೆಯುವುದು ಅಂತಾಯಿತು.

ಮೊದಲ ಸಂಜೆಯೇ ಮೀನು ಹತ್ತು, ನಾನು ಎರಡು. ನನಗೆ ಎಷ್ಟು ಖುಷಿಯಾಯಿತೆಂದರೆ ಅಂದು ಮೈದುನನಿಗೆ ಒಂದು ಸೌಟು ಹೆಚ್ಚೇ ಬಡಿಸಿದೆ.

ಮರುದಿನ ಅವನು ಒಂದು ಕೆಲಸ ಮಾಡಿದ. ತೊಟ್ಟಿಗಳ ಸುತ್ತ ಹಳೇ ಕಂಬಳಿ ಸುತ್ತಿದ. ದೊಡ್ಡ ತೊಟ್ಟಿಗೆ ಹಿಂದೆ ಮತ್ತು ಬದಿಗೆ ಥರ್ಮಾಕೋಲ್ ಅಂಟಿಸಿ, ಎದುರಿಗೆ ಕಾಗದ ಇಳಿಬಿಟ್ಟ. ನೋಡಿದರೆ ಒಂದು ಕಂಬಳಿ ನಾನು ಅತ್ತೆಗೆಂದು ಅಂಚು ಹೊಲಿದುಕೊಟ್ಟದ್ದು! ಮಂಡಿಗೆ ಹೊದೆಯಲಿ ಅಂತ ಕೊಟ್ಟ ಕಂಬಳಿ ಮೀನಿನ ಮೈಮೇಲೆ. ನಾನೂ ಬಿಡಲಿಲ್ಲ. ಇಸ್ತ್ರಿ ಮಾಡಬೇಕಾದ ಬಟ್ಟೆಗಳನ್ನು ಮಡಿಸಿ ಹಾಸಿಗೆಯಡಿ ಇಟ್ಟು ಮಲಗಿದೆ. ನಮ್ಮವರಿಗೆ ಬೆನ್ನುನೋವು ಬಂತು, ಪ್ಯಾಂಟುಗಳಿಗೆ ಗೆರೆ ಬಂತು.

ಆದರೂ ಅವನ ಅಂಕಿ ಒಂಬತ್ತಕ್ಕಿಂತ ಕೆಳಗೆ ಇಳಿಯಲಿಲ್ಲ. ನಾಲ್ಕೂ ಕಡೆ ಹೊದಿಸಿದ್ದ, ತಲೆಯ ಮೇಲೆ ಮಾತ್ರ ಬರೀ ಬಲೆ. ಮೇಲೂ ಒಂದು ಕಂಬಳಿ ಹಾಕೋ ಅಂತ ನಮ್ಮವರು ಹೇಳಿದ್ದಕ್ಕೆ, "ಗಾಳಿ ಬೇಡ್ವೇನಣ್ಣ ಅವಕ್ಕೆ? ಅದೂ ಅಲ್ದೆ ಬಿಸಿ ಹೋಗೋದು ಗಾಜಿನಿಂದ, ಗಾಜು ಮುಟ್ಟಿ ನೋಡು ಎಷ್ಟು ಬೆಚ್ಚಗಿದೆ" ಅಂದ. ದಿನವಿಡೀ ಗಾಜಿನ ಜತೆ ಬದುಕುವವನಿಗೆ ಎಲ್ಲ ತಪ್ಪೂ ಗಾಜಿನಲ್ಲೇ ಕಾಣುತ್ತದೆ.

ನಾಲ್ಕನೆಯ ದಿನ ಮಧ್ಯಾಹ್ನ ಅಡುಗೆಮನೆಗೆ ಹೋದೆ. ಅತ್ತೆ ಮಂಡಿಗೆ ಶಾಖ ಕೊಟ್ಟುಕೊಳ್ಳಲು ನೀರು ಕಾಯಿಸುತ್ತಿದ್ದರು. ಪಾತ್ರೆ ತೆರೆದೇ ಇತ್ತು.

"ಮುಚ್ಚಿಡಿ ಅತ್ತೆ, ಬಿಸಿಯೆಲ್ಲ ಮೇಲಕ್ಕೆ ಹೋಗ್ತಿದೆ ನೋಡಿ" ಅಂದು ಮುಚ್ಚಳ ಎತ್ತಿಕೊಂಡವಳು ಅಲ್ಲೇ ನಿಂತುಬಿಟ್ಟೆ. ಆವಿ ನನ್ನ ಮಣಿಕಟ್ಟಿಗೆ ತಾಗುತ್ತಿತ್ತು. ಮುಂದಿನ ಕೋಣೆಯ ಕಿಟಕಿ ಎರಡು ತಿಂಗಳಿಂದ ಬೆವರುತ್ತಿದ್ದುದು ನೆನಪಾಯಿತು. ಮೇಲಿನ ಗೋಡೆಯ ಬಣ್ಣ ಉಬ್ಬಿ ಉದುರುತ್ತಿದ್ದುದು ನೆನಪಾಯಿತು. ಮೈದುನ ದಿನಾ ಬೆಳಗ್ಗೆ ಅರ್ಧ ಬಕೆಟ್ ನೀರು ಆ ತೊಟ್ಟಿಗೆ ಸುರಿದು, "ಒಣಹವೆ, ನೀರು ಆರಿಹೋಗುತ್ತೆ" ಅನ್ನುತ್ತಿದ್ದುದೂ ನೆನಪಾಯಿತು. ಗಾಜು ಮೇಲೆ ಬಂದದ್ದು ಯಾವಾಗ, ಬಿಲ್ಲು ಏರಿದ್ದು ಯಾವಾಗ ಅಂತ ಬೆರಳಲ್ಲಿ ಎಣಿಸಿದೆ. ಊರಿಗೆಲ್ಲ ಮುಚ್ಚಿಡಿ ಅಂತ ಬುದ್ಧಿ ಹೇಳುವ ನಾನೇ, ಮನೆಯ ಎಲ್ಲಕ್ಕಿಂತ ದೊಡ್ಡ ಪಾತ್ರೆಯ ಮುಚ್ಚಳ ಕದ್ದು ಕೂತಿದ್ದೆ.

"ಏನಾಯ್ತೇ, ಮುಚ್ಚಳ ಹಿಡ್ಕೊಂಡು ಕಲ್ಲಾದೆ?" ಅಂದರು ಅತ್ತೆ.

"ಏನಿಲ್ಲ" ಅಂದೆ.

ಖಾತ್ರಿ ಮಾಡಿಕೊಳ್ಳದೆ ನಾನು ಏನನ್ನೂ ನಂಬುವುದಿಲ್ಲ. ಮರುದಿನ ನಮ್ಮವರು ಅತ್ತೆಯನ್ನು ಮಂಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು, ಮೈದುನ ಅಂಗಡಿಯಲ್ಲಿದ್ದ. ನಾನು ಗಾಜನ್ನು ಚಾದರದಲ್ಲಿ ಸುತ್ತಿ ಕೆಳಗೆ ತಂದೆ. ಬಲೆ ಸರಿಸಿ ತೊಟ್ಟಿಯ ಮೇಲಿಟ್ಟೆ. ಹೀಟರಿನ ಕೆಂಪು ದೀಪ ಹೊತ್ತಿತ್ತು. ಅದು ಆರಿದ್ದನ್ನು ನಾನು ಎರಡು ತಿಂಗಳಿಂದ ನೋಡಿರಲೇ ಇಲ್ಲ. ಒಂದು ಕುರ್ಚಿ ಎಳೆದುಕೊಂಡು ಕೂತೆ.

ಅರ್ಧ ಗಂಟೆಯಾಗುವುದರೊಳಗೆ ದೀಪ ಆರಿತು. ಐದು ನಿಮಿಷ ಕಾದೆ, ಹತ್ತು ನಿಮಿಷ ಕಾದೆ. ಇಪ್ಪತ್ತು ನಿಮಿಷವಾದರೂ ಹೊತ್ತಲಿಲ್ಲ. ಮೀಟರಿನ ಅಂಕಿಯೂ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು.

ಸುಮ್ಮನೆ ಎದ್ದು ಬರಬೇಕಿತ್ತು. ಎದುರಿಗೆ ಇಳಿಬಿಟ್ಟ ಕಾಗದ ಯಾಕೆ, ಹಿಂದೆ ಇನ್ನೇನು ಮೋಸ ಅಡಗಿಸಿದ್ದಾನೆ ಅಂತ ಅದನ್ನು ಎತ್ತಿ ನೋಡಿದೆ. ಎರಡು ಮೀನುಗಳೂ ಪಕ್ಕಪಕ್ಕ ನಿಂತಿದ್ದವು. ಅವುಗಳ ಮೈತುಂಬ ಕರೀ ಎಳ್ಳು ಅಂಟಿದ ಹಾಗೆ ಏನೋ. ರೋಗ ಅಂದುಕೊಂಡೆ. ಹತ್ತಿರ ಬಗ್ಗಿದಾಗ ಎಳ್ಳು ಅಲುಗಾಡಿತು. ಮರಿಗಳು. ನೂರಾದರೂ ಇದ್ದವು. ತಾಯಿಯ ಮೈಮೇಲಿನ ಲೋಳೆಯನ್ನೇ ಚೂರುಚೂರು ಮೇಯುತ್ತಿದ್ದವು. ತಾಯಿ ಒಮ್ಮೆ ಮೈ ಕೊಡವಿದರೆ ಎಲ್ಲವೂ ಒಟ್ಟಿಗೆ ತಂದೆಯ ಮೈಗೆ ಹೋಗಿ ಅಂಟುತ್ತಿದ್ದವು. ಇಷ್ಟು ದೊಡ್ಡ ವಿಷಯವನ್ನು ಅವನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ನಾನು ಏನಾದರೂ ಅಂದುಬಿಡುತ್ತೇನೆ ಅಂತ ತಾನೇ? ಅದು ಸುಳ್ಳೂ ಅಲ್ಲ.

ನನ್ನ ಕಣ್ಣಿಗೆ ಅದು ಬೀಳದಿದ್ದರೇ ಚೆನ್ನಾಗಿತ್ತು.

ಗಾಜನ್ನು ಅಲ್ಲೇ ಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಬೈಗುಳ ತಿನ್ನುತ್ತಿದ್ದೆ, ಕಳ್ಳಿ ಅನಿಸಿಕೊಳ್ಳುತ್ತಿದ್ದೆ, ಬಿಲ್ಲು ಇಳಿಯುತ್ತಿತ್ತು. ಆದರೆ ಕೋಣೆ ಅವನಿಗೇ ಉಳಿಯುತ್ತಿತ್ತು. ಶಾಲೆಯವರು ಮುಂದಿನ ವರ್ಷದ ಯೂನಿಫಾರ್ಮಿನ ಕೆಲಸ ಕೊಡಲು ಒಂದೂವರೆ ತಿಂಗಳಿತ್ತು. ಬೀದಿಗೆ ಬಾಗಿಲಿರುವ ಕೋಣೆ ಸಿಕ್ಕರೆ ಹೆಡ್ ಮೇಡಂ ಮನೆಗೆ ಹೋಗಿ, ಇನ್ನು ಮೆಟ್ಟಿಲಿಲ್ಲ ಮೇಡಂ, ಬನ್ನಿ ಅಂತ ಹೇಳಿ ಬರುವವಳಿದ್ದೆ. ಆ ಮಾತನ್ನು ಮನಸ್ಸಿನಲ್ಲಿ ಎಷ್ಟು ಸಲ ಹೊಲಿದು ಬಿಚ್ಚಿದ್ದೆನೋ. ಬಲೆಯನ್ನು ಮೊದಲಿದ್ದ ಹಾಗೇ ಎಳೆದು, ಗಾಜನ್ನು ಒರೆಸಿ, ಚಾದರದಲ್ಲಿ ಸುತ್ತಿ ಮೇಲಕ್ಕೆ ಹೊತ್ತೆ. ಈ ಸಲ ಮೀನಿನ ಛಾವಣಿ ಅಂತ ನಕ್ಕು ಹೊತ್ತದ್ದಲ್ಲ, ತಿಳಿದೂ ತಿಳಿದೂ ಹೊತ್ತದ್ದು. ಹನ್ನೊಂದನೆಯ ಮೆಟ್ಟಿಲಲ್ಲಿ ಕಾಲು ಜಾರೀತು ಅಂತ ಹೆದರಿಕೆಯಾಯಿತು, ಆದರೂ ನಿಲ್ಲಲಿಲ್ಲ.

ಏಳನೆಯ ಸಂಜೆ ಅತ್ತೆ ಕ್ಯಾಲೆಂಡರ್ ತಿರುವಿ ಕೂಡಿಸಿದರು. ಮೀನು ಅರವತ್ತನಾಲ್ಕು, ಹೊಲಿಗೆ ಹನ್ನೆರಡು.

ನಮ್ಮವರು ಶಿಳ್ಳೆ ಹಾಕಿದರು. "ಎಲಾ ಇವನ! ನನ್ನ ಟ್ಯಾಂಕರ್ ಬ್ಯಾಟರಿ ಕೂಡ ಇಷ್ಟು ತಿನ್ನಲ್ಲ ಕಣೋ."

ಮೈದುನ ನಗಲಿಲ್ಲ. ಆ ಅಂಕಿಯನ್ನು ಅವನೇ ಹೋಗಿ ಇನ್ನೊಮ್ಮೆ ನೋಡಿ ಬಂದ. "ಎಲ್ಲೋ ತಪ್ಪಿದೆ ಅಮ್ಮ. ಹೋದ ಚಳೀಲಿ ಇಷ್ಟು ಬರ್ಲಿಲ್ಲ. ಮೀನೂ ಅವೇ, ಹೀಟರೂ ಅದೇ."

"ಮೀಟರ್ ಸುಳ್ಳು ಹೇಳಲ್ಲ ಅಂದಿದ್ನಲ್ಲ ಫ್ಯೂಸು" ಅಂದೆ ನಾನು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತಾನಾಗಿಯೇ ಸೆರಗಿನ ಅಂಚು ತಡವುತ್ತಿತ್ತು.

"ಆಯ್ತು" ಅಂದ ಅವನು. "ಮಾತು ಕೊಟ್ಟಿದೀನಿ, ತೆಗೀತೀನಿ. ಮೂರು ವಾರ ಮಾತ್ರ ಬಿಡಿ. ಮರಿ ಆಗಿದೆ ಅಮ್ಮ. ಮೂರು ವರ್ಷ ಕಾದಿದ್ದೆ. ಇನ್ನೂ ಅಪ್ಪ ಅಮ್ಮನ ಮೈಮೇಲಿಂದ ಇಳಿದಿಲ್ಲ ಅವು. ಈಗ ಜಾಗ ಬದಲಾಯಿಸಿದ್ರೆ ಉಳಿಯಲ್ಲ. ಮೂರು ವಾರದ ಬಿಲ್ಲು ಪೂರ್ತಿ ನಾನೇ ಕಟ್ತೀನಿ."

ಇಷ್ಟುದ್ದ ಮಾತು ಅವನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಅತ್ತೆ ನನ್ನ ಕಡೆ ತಿರುಗಿದರು. "ನೀನೇನಂತೀಯಾ? ಗೆದ್ದೋಳು ನೀನು."

ಮೂರು ವಾರ ಕೊಟ್ಟರೆ ನನ್ನ ಗಂಟು ಹೋಗುತ್ತಿರಲಿಲ್ಲ. ಆದರೆ ಮೂರು ವಾರದಲ್ಲಿ ಅವನು ಹೊಸ ಗಾಜು ತಂದು ಮುಚ್ಚಿದರೆ? ಫ್ಯೂಸು ಮತ್ತೆ ಬಂದು, ಮುಚ್ಚಳ ಎಲ್ಲಿ ಅಂತ ಕೇಳಿದರೆ? ಆ ತೊಟ್ಟಿ ಮನೆಯಲ್ಲಿ ಇರುವಷ್ಟು ದಿನವೂ ನನ್ನ ಸುಳ್ಳು ಅದರ ಮೇಲೆ ತೆರೆದೇ ಇರುತ್ತಿತ್ತು.

"ಮಾತು ಅಂದ್ರೆ ಮಾತು ಅತ್ತೆ" ಅಂದೆ.

ಮೈದುನ ನನ್ನ ಮುಖ ನೋಡಿದ. ನಾನೂ ಅವನ ಮುಖವನ್ನೇ ನೋಡಿದೆ, ಕಣ್ಣು ತಗ್ಗಿಸಲಿಲ್ಲ. ಆಗ ಅದು ನನಗೆ ಧೈರ್ಯ ಅನಿಸಿತ್ತು.

ಭಾನುವಾರ ಬೆಳಗ್ಗೆ ಬಣ್ಣದ ಮೀನು ಮಾರುವ ಅಂಗಡಿಯವನು ತೊಟ್ಟಿ ಸಮೇತ ಒಯ್ಯಲು ಗಾಡಿ ತಂದ. ಸಣ್ಣ ಮೀನುಗಳನ್ನು ಅವನೇ ಹಿಡಿದ. ದೊಡ್ಡ ತೊಟ್ಟಿಗೆ ಮೈದುನ ಯಾರನ್ನೂ ಕೈಹಾಕಲು ಬಿಡಲಿಲ್ಲ. ತೋಳು ಮಡಿಸಿ, ಎರಡೂ ಕೈಯಿಂದ ಚೀಲವನ್ನೇ ನೀರಿನೊಳಗೆ ಇಳಿಸಿ, ಮೀನು ಮರಿಗಳ ಸಮೇತ ತಾನಾಗಿ ಒಳಗೆ ಬರಲಿ ಅಂತ ಎಷ್ಟೋ ಹೊತ್ತು ಹಾಗೇ ನಿಂತ. ನೀರು ಚೆಲ್ಲಿ ನೆಲವೆಲ್ಲ ಒದ್ದೆಯಾಯಿತು. ನಾನು ಒರೆಸುವ ಬಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅವನು ಚೀಲವನ್ನು ಎದೆಗೆ ಅವಚಿಕೊಂಡು ಗಾಡಿಯಲ್ಲಿ ಕೂತು ಹೋದ.

ಸೋಮವಾರ ಕೆಲಸದಿಂದ ಬರುವಾಗ ಆ ಅಂಗಡಿಗೆ ಹೋಗಿ ಬಂದ. ಅತ್ತೆ, "ಹೇಗಿವೆಯೋ?" ಅಂತ ಕೇಳಿದರು.

"ತಿಂದ್ಬಿಟ್ವು."

"ಯಾವುದು?"

"ಅಪ್ಪ ಅಮ್ಮಾನೇ. ಗಾಬರಿಯಾದ್ರೆ ಮರಿಗಳನ್ನ ತಿಂದ್ಬಿಡ್ತವೆ. ಒಂದೂ ಬಿಡಲಿಲ್ಲ."

ಅತ್ತೆ ಅಯ್ಯೋ ಅಂದರು. ನಾನು ಒಲೆಯ ಕಡೆ ತಿರುಗಿದೆ. ಒಲೆಯ ಮೇಲೆ ಏನೂ ಇರಲಿಲ್ಲ.

ಆ ವಾರವೇ ನಾನು ಕೆಳಗೆ ಇಳಿಯುವುದೆಂದು ನಿಶ್ಚಯವಾಯಿತು. ಗಾಜನ್ನು ನಾನೇ ಚಾದರದಲ್ಲಿ ಸುತ್ತಿ ಒಯ್ಯುವುದು, ಕೆಳಗೆ ಮೇಜಿನ ಮೇಲಿಟ್ಟ ಕೂಡಲೇ ಬಟ್ಟೆ ಹರಡುವುದು ಅಂತ ಲೆಕ್ಕ ಹಾಕಿದ್ದೆ. ಹೊಲಿಗೆಯಂತ್ರವನ್ನು ಇಳಿಸಿ, ಅತ್ತೆಗೆ ಕುರ್ಚಿ ಹಾಕಿ ಕೂರಿಸಿ ನೋಡುತ್ತೇನೆ, ನಮ್ಮವರು ತಮ್ಮನನ್ನು ಕೂಗಿ ಕರೆದು ಮೇಲೆ ಹೋಗಿಯಾಗಿದೆ. ಗಂಡಸರಿಗೆ ಸಹಾಯ ಮಾಡುವ ಬುದ್ಧಿ ಬರುವುದೇ ಬೇಡದ ಹೊತ್ತಿನಲ್ಲಿ. ನಾನು ಮೆಟ್ಟಿಲ ಬುಡಕ್ಕೆ ಓಡಿದೆ. ನಮ್ಮವರು ಮೇಜನ್ನು ಬೆನ್ನಿಗೆ ಹೇರಿಕೊಂಡು ಇಳಿಯುತ್ತಿದ್ದರು. ಅವರ ಹಿಂದೆ ಮೈದುನ, ಎರಡೂ ಕೈಯಲ್ಲಿ ಗಾಜು.

"ಕೊಡೋ ಇಲ್ಲಿ, ನಾನು ಹಿಡೀತೀನಿ" ಅಂದೆ.

ಅವನು ಕೊಡಲಿಲ್ಲ. ಒಂದೊಂದೇ ಮೆಟ್ಟಿಲು ಇಳಿದ. ಅವನ ಹೆಬ್ಬೆರಳು ಗಾಜಿನ ಅಂಚಿನ ಮೇಲೆ ಹೋಗುತ್ತಾ ಬರುತ್ತಾ ಇತ್ತು, ಅಂಗಡಿಯಲ್ಲಿ ಕನ್ನಡಕದ ಅಂಚು ನೋಡುವ ಹಾಗೆ. ಹನ್ನೊಂದನೆಯ ಮೆಟ್ಟಿಲಲ್ಲಿ ನಿಂತ. ಬಟ್ಟೆ ಅಂಟಿಸಿದ್ದ ಮೂಲೆಗೆ ಹೆಬ್ಬೆರಳು ತಾಗಿತ್ತು. ಉಗುರಿನಿಂದ ಬಟ್ಟೆಯ ಚೂರನ್ನು ಎಬ್ಬಿಸಿದ, ಅದು ಸಲೀಸಾಗಿ ಬಿಟ್ಟುಬಂತು. ಓರೆಯಾಗಿ ಕತ್ತರಿಸಿದ ಮೂಲೆಯನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಈ ಸಲ ಕಣ್ಣು ತಗ್ಗಿಸಿದವಳು ನಾನು.

ಬೈಯುತ್ತಾನೆ, ಈಗ ಬೈಯುತ್ತಾನೆ ಅಂತ ಕಾದೆ. ಅವನು ಅಷ್ಟೂ ಮೆಟ್ಟಿಲು ಇಳಿದು ಕೋಣೆಗೆ ಬಂದ.

ನೆಲದ ಮೇಲೆ ತೊಟ್ಟಿಗಳಿದ್ದ ಜಾಗದಲ್ಲಿ ನಾಲ್ಕು ಬಿಳೀ ಗುರುತು ಉಳಿದಿದ್ದವು. ನಮ್ಮವರು ಮೇಜನ್ನು ದೊಡ್ಡ ಗುರುತಿನ ಮೇಲೇ ಇಟ್ಟಿದ್ದರು. ಅತ್ತೆ ಕುರ್ಚಿಯಲ್ಲಿ ಕೂತು ಕೋಣೆಯನ್ನೆಲ್ಲ ಕಣ್ತುಂಬ ನೋಡುತ್ತಿದ್ದರು. ಬೀದಿಯ ಬೆಳಕು ಒಳಗೆ ಬಿದ್ದಿತ್ತು, ಕಿಟಕಿ ಬೆವರುತ್ತಿರಲಿಲ್ಲ.

"ನೋಡೋ" ಅಂದರು ಅತ್ತೆ ಮಗನಿಗೆ. "ಬೇಜಾರು ಮಾಡ್ಕೋಬೇಡ. ಇವಳದು ಬಾಯಿ ಜೋರು, ಆದ್ರೆ ಮನೆ ಉಳಿಸೋ ಹೆಣ್ಣು. ಒಂದು ದಿನ ಒಂದು ಪಾತ್ರೆ ತೆರೆದಿಟ್ಟೋಳಲ್ಲ. ಕಲಿತ್ಕೋ ಇವಳ ಹತ್ರ."

ಮೈದುನ ಬಗ್ಗಿ ಗಾಜನ್ನು ಮೇಜಿನ ಮೇಲೆ ನಿಧಾನವಾಗಿ ಇಳಿಸಿದ. ಅಂಗೈಯಿಂದ ಒಮ್ಮೆ ಸವರಿದ.

"ಹೌದಮ್ಮ" ಅಂದ. "ಮುಚ್ಚಿಡೋದು ಅತ್ತಿಗೆಗೆ ತುಂಬ ಚೆನ್ನಾಗಿ ಬರುತ್ತೆ."

ಅತ್ತೆ ನಕ್ಕರು. ನಮ್ಮವರೂ ನಕ್ಕರು, ಹಳೇ ತಮಾಷೆ ಮತ್ತೆ ಶುರುವಾಯಿತು, ಅತ್ತಿಗೆ ಮೈದುನ ಸರಿಹೋದರು ಅಂದುಕೊಂಡು. ಮೂರು ಊರಿಗೆ ಸಾಲುವಷ್ಟು ಬಾಯಿರುವ ನಾನು ಒರೆಸಿಯಾಗಿದ್ದ ಹೊಲಿಗೆಯಂತ್ರವನ್ನೇ ಮತ್ತೆ ಒರೆಸತೊಡಗಿದೆ. ಮೈಯೆಲ್ಲ ನಾಚಿಕೆಯಿಂದ ಸುಡುತ್ತಿತ್ತು. ಅದರ ನಡುವೆಯೂ ಅವನ ಮೇಲೆ ಕೋಪ ಬಂತು. ಕೂಗಾಡಿ ರಂಪ ಮಾಡಿದ್ದರೆ ಇವನ ಗಂಟೇನು ಹೋಗುತ್ತಿತ್ತು?

"ಈ ಮೂಲೆ ಹುಷಾರು ಅತ್ತಿಗೆ" ಅಂದ ಅವನು, ಹೊರಡುತ್ತಾ. "ಕೈಗೆ ತಾಗುತ್ತೆ."

ಹೆಡ್ ಮೇಡಂ ಬಂದರು. ನಲವತ್ತು ಯೂನಿಫಾರ್ಮಿನ ಬಟ್ಟೆ ಈಗ ನನ್ನ ಪಕ್ಕದಲ್ಲೇ ಇದೆ. ಬಿಲ್ಲು ಇಳಿದಿದೆ, ಗೀಸರಿನ ಟೇಪು ಬಿಚ್ಚಿದೆ, ನಾನು ಬಿಸಿನೀರಿನಲ್ಲೇ ಪಾತ್ರೆ ತೊಳೆಯುತ್ತೇನೆ. ಮೈದುನ ಅಂಗಡಿಯಿಂದ ಬಂದವನು ಈ ಕೋಣೆಯನ್ನು ದಾಟಿ ನೇರ ಒಳಗೆ ಹೋಗುತ್ತಾನೆ. ಊಟಕ್ಕೆ ಕೂತಾಗ ನಾನು ಬಡಿಸಿದ್ದನ್ನು ಉಣ್ಣುತ್ತಾನೆ, ಸಾಕು ಅನ್ನುತ್ತಾನೆ. ಮುಚ್ಚಳ ಅತ್ತಿಗೆ ಅಂತ ಮಾತ್ರ ಕರೆಯುವುದಿಲ್ಲ.

ಆ ಮೂಲೆಗೆ ನಾನು ಮತ್ತೆ ಬಟ್ಟೆ ಅಂಟಿಸಿಲ್ಲ. ಅತ್ತೆ ದಿನಾ ಮಧ್ಯಾಹ್ನ ಬಂದು ಮೇಜಿನ ಎದುರಿಗೇ ಕುರ್ಚಿ ಹಾಕಿಕೊಂಡು ಕೂರುತ್ತಾರೆ, ಗುಂಡಿ ಹೊಲಿದುಕೊಡುತ್ತಾರೆ. ಅವರ ಕೈ ಆ ಮೂಲೆಯ ಹತ್ತಿರವೇ ಇರುತ್ತದೆ. ಇದ್ಯಾಕೆ ಹೀಗೆ ಕತ್ತರಿಸಿದೆ ಅಂತ ಒಂದು ದಿನ ಕೇಳಿಯೇ ಕೇಳುತ್ತಾರೆ. ಕೇಳಲಿ ಅಂತ ಕಾಯುತ್ತಿದ್ದೇನೆ.